ಉಷ್ಣಸಂವಹನದ ಲೆಕ್ಕಗಳು: ಐರ್ಲೆಂಡಿನ ಹಿನ್ನೆಲೆಯಲ್ಲಿ

ಹರಿಯುವ ದ್ರವ ಅಥವಾ ಅನಿಲವು ತನ್ನ ಚಲನೆಯ ಜೊತೆಗೇ ಶಾಖವನ್ನು ಹೊತ್ತೊಯ್ಯುವ ಕ್ರಿಯೆಗೆ ಉಷ್ಣಸಂವಹನ ಎಂದು ಹೆಸರು. ಫ್ಯಾನಿನ ಗಾಳಿಯೋ ಪಂಪಿನ ಒತ್ತಡವೋ ಹರಿವನ್ನು ಉಂಟುಮಾಡಿದರೆ ಅದು ಬಲವಂತದ ಸಂವಹನ; ಬಿಸಿಯಾದ ಭಾಗ ಹಗುರವಾಗಿ ತಾನೇ ಮೇಲೇರಿದರೆ ಸಹಜ ಸಂವಹನ. ಬಾಯ್ಲರ್, ಕಂಡೆನ್ಸರ್, ಎಂಜಿನ್ನಿನ ರೇಡಿಯೇಟರ್, ಕಂಪ್ಯೂಟರಿನ ಚಿಪ್, ಮನೆಯ ಕಿಟಕಿ, ಇವುಗಳಲ್ಲಿ ಯಾವುದನ್ನು ವಿನ್ಯಾಸ ಮಾಡಬೇಕಾದರೂ ಎಂಜಿನಿಯರ್ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಮೇಲ್ಮೈಯಿಂದ ಪಕ್ಕದಲ್ಲಿ ಹರಿಯುವ ವಸ್ತುವಿಗೆ ಎಷ್ಟು ಶಾಖ ದಾಟುತ್ತದೆ?

ಉತ್ತರದ ಹೊರರೂಪ ಬಹಳ ಸರಳ. ದಾಟುವ ಶಾಖವೆಂದರೆ ಮೇಲ್ಮೈಯ ವಿಸ್ತೀರ್ಣ, ಮೇಲ್ಮೈಗೂ ಹರಿವಿಗೂ ನಡುವಿನ ಉಷ್ಣತೆಯ ಅಂತರ ಮತ್ತು ಸಂವಹನ ಗುಣಾಂಕ, ಈ ಮೂರರ ಗುಣಲಬ್ಧ. ನ್ಯೂಟನ್ನನ ಹೆಸರಿನಲ್ಲಿರುವ ಈ ನಿಯಮವನ್ನು ಪಿಯುಸಿ ವಿದ್ಯಾರ್ಥಿಯೂ ಬಲ್ಲ. ಕಷ್ಟವೆಲ್ಲ ಅಡಗಿರುವುದು ಆ ಗುಣಾಂಕದಲ್ಲಿ. ತಾಮ್ರದ ವಾಹಕತೆ ತಾಮ್ರದ ಗುಣ. ಕೋಷ್ಟಕ ತೆರೆದರೆ ಸಿಗುತ್ತದೆ. ಸಂವಹನ ಗುಣಾಂಕ ಯಾವ ಒಂದು ವಸ್ತುವಿನ ಗುಣವೂ ಅಲ್ಲ. ಅದು ಹರಿವಿನ ವೇಗ, ಕೊಳವೆಯ ಅಳತೆ, ದ್ರವದ ಸ್ನಿಗ್ಧತೆ, ಹರಿವು ಶಾಂತವೋ ಕಲಕಿದೆಯೋ ಎಂಬುದು, ಎಲ್ಲದರ ಒಟ್ಟು ಫಲ. ನಿಂತ ಗಾಳಿಯಲ್ಲಿ ಅದರ ಬೆಲೆ ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿಗೆ 2ರಿಂದ 25 ವಾಟ್. ಬೀಸುವ ಗಾಳಿಯಲ್ಲಿ 25ರಿಂದ 250. ಪಂಪು ಮಾಡಿದ ದ್ರವಗಳಲ್ಲಿ 100ರಿಂದ 20,000. ಕುದಿಯುವಾಗ ಅಥವಾ ಹಬೆ ನೀರಾಗುವಾಗ ಒಂದು ಲಕ್ಷದವರೆಗೂ ಹೋಗಬಹುದು. ಹೀಗಾಗಿ ಸಂವಹನದ ಲೆಕ್ಕ ಬಿಡಿಸುವುದೆಂದರೆ ಮುಖ್ಯವಾಗಿ ಹರಿವನ್ನು ಗುರುತಿಸುವುದು. ಸೂತ್ರ ಆಮೇಲಿನ ಮಾತು.

ಹರಿವನ್ನು ಗುರುತಿಸುವ ಈ ವಿದ್ಯೆಗೆ ಐರ್ಲೆಂಡಿನಲ್ಲಿ ಹುಟ್ಟಿದವರ ಕೊಡುಗೆ ದೊಡ್ಡದು. ಆ ದ್ವೀಪದ ಇಂದಿನ ವಿದ್ಯುತ್ ಕೇಂದ್ರಗಳು, ಮನೆಗಳು, ದತ್ತಾಂಶ ಕೇಂದ್ರಗಳು ಇದೇ ವಿದ್ಯೆಯ ಪ್ರಯೋಗಭೂಮಿಯಾಗಿವೆ. ಆದ್ದರಿಂದ ವಿಷಯವನ್ನು ಅಲ್ಲಿಂದಲೇ ನೋಡುವುದು ಸೂಕ್ತ.

ಸ್ಲೈಗೋ ಮತ್ತು ಬೆಲ್‌ಫಾಸ್ಟ್

ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1819ರಲ್ಲಿ ಐರ್ಲೆಂಡಿನ ಪಶ್ಚಿಮದ ಸ್ಲೈಗೋ ಜಿಲ್ಲೆಯ ಸ್ಕ್ರೀನ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ಮುಂದೆ ಕೇಂಬ್ರಿಜ್‌ನಲ್ಲಿ, ಹಿಂದೆ ನ್ಯೂಟನ್ ಕುಳಿತಿದ್ದ ಲುಕಾಸಿಯನ್ ಪೀಠಕ್ಕೆ 1849ರಲ್ಲಿ ಬಂದ. ಸ್ನಿಗ್ಧ ದ್ರವದ ಚಲನೆಯ ಸಮೀಕರಣಗಳನ್ನು ಅವನು 1845ರಲ್ಲಿ ಪ್ರಕಟಿಸಿದ. ಫ್ರಾನ್ಸಿನ ನೇವಿಯೆಯ ಹೆಸರೂ ಸೇರಿ ಅವು ಇಂದು ನೇವಿಯೆ–ಸ್ಟೋಕ್ಸ್ ಸಮೀಕರಣಗಳು. ಗೋಡೆಗೆ ತಾಗಿದ ದ್ರವ ಗೋಡೆಯ ಮೇಲೆ ಜಾರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಸ್ಟೋಕ್ಸ್ ಆಳವಾಗಿ ಚಿಂತಿಸಿದ. ಜಾರುವುದಿಲ್ಲ, ಗೋಡೆಯ ವೇಗವೇ ಆ ಪದರದ ವೇಗ ಎಂಬುದು ಈಗ ಒಪ್ಪಿತವಾದ ತತ್ತ್ವ. ಶಾಖದ ಲೆಕ್ಕಕ್ಕೆ ಇದರ ಪರಿಣಾಮ ಗಂಭೀರ: ಗೋಡೆಗೆ ಅಂಟಿ ನಿಂತ ಆ ತೆಳು ಪದರವನ್ನು ಶಾಖ ದಾಟುವುದು ವಹನದಿಂದ ಮಾತ್ರ. ಆ ಪದರ ತೆಳುವಾದಷ್ಟೂ ಸಂವಹನ ಗುಣಾಂಕ ದೊಡ್ಡದು. ಎಂಜಿನಿಯರುಗಳು ಫ್ಯಾನು, ರೆಕ್ಕೆ, ಜೆಟ್ಟು, ಒರಟು ಮೇಲ್ಮೈ ಎಂದು ಮಾಡುವ ಸಾಹಸಗಳಲ್ಲಿ ಬಹುಪಾಲು ಆ ಪದರವನ್ನು ತೆಳುಮಾಡುವ ಸಾಹಸಗಳೇ. ಜರ್ಮನಿಯ ಲುಡ್‌ವಿಗ್ ಪ್ರಾಂಡ್ಟಲ್ 1904ರಲ್ಲಿ ಗಡಿಪದರದ ಸಿದ್ಧಾಂತ ಮಂಡಿಸಿದಾಗ ಈ ಚಿತ್ರ ಪೂರ್ಣವಾಯಿತು.

ಬೆಲ್‌ಫಾಸ್ಟ್ ಇನ್ನೂ ಉದಾರ ನಗರ. ಉಷ್ಣತೆಯ ನಿರಪೇಕ್ಷ ಮಾನಕ್ಕೆ ಹೆಸರು ಕೊಟ್ಟ ಲಾರ್ಡ್ ಕೆಲ್ವಿನ್, ಅಂದರೆ ವಿಲಿಯಂ ಥಾಮ್ಸನ್, 1824ರಲ್ಲಿ ಅಲ್ಲಿ ಹುಟ್ಟಿದ. ಅವನ ಅಣ್ಣ ಜೇಮ್ಸ್ ಥಾಮ್ಸನ್ (ಜನನ 1822) ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕನಾಗಿದ್ದು, 1873ರಲ್ಲಿ ಗ್ಲಾಸ್ಗೋಗೆ ಹೋದ. ತಮ್ಮನ ಕೀರ್ತಿಯ ನೆರಳಿನಲ್ಲಿ ಉಳಿದುಹೋದ ಈ ಅಣ್ಣನಿಗೆ ಸಂವಹನದ ಇತಿಹಾಸದಲ್ಲಿ ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ ಎನ್ನಿಸುತ್ತದೆ. ತೊಟ್ಟಿಯೊಂದರಲ್ಲಿದ್ದ ಸಾಬೂನು ನೀರಿನ ಮೇಲ್ಮೈ ತಣ್ಣಗಾಗುತ್ತಿದ್ದಾಗ ಅದು ಕಲ್ಲು ಹಾಸಿದ ಅಂಗಳದಂತೆ ತುಂಡು ತುಂಡಾಗಿ ವಿಭಾಗವಾಗಿ, ಆ ತುಂಡುಗಳು ಸದಾ ಬದಲಾಗುತ್ತಿದ್ದುದನ್ನು ಅವನು ಗಮನಿಸಿ 1882ರಲ್ಲಿ ಬರೆದ. ಕೆಳಗಿನ ಬೆಚ್ಚನೆಯ ನೀರು ಏರಿ, ಮೇಲಿನ ತಣ್ಣನೆಯ ನೀರು ಇಳಿದು ಕಟ್ಟಿದ ಸಂವಹನ ಕೋಶಗಳವು. ಇದೇ ಬಗೆಯ ಕೋಶಗಳ ವ್ಯವಸ್ಥಿತ ಪ್ರಯೋಗಗಳಿಂದ ಹೆಸರಾದವನು ಫ್ರಾನ್ಸಿನ ಆನ್ರಿ ಬೆನಾರ್, 1900ರ ಹೊತ್ತಿಗೆ. ಗಣಿತ ಕೊಟ್ಟವನು ಲಾರ್ಡ್ ರೇಲೀ, 1916ರಲ್ಲಿ. ಸಹಜ ಸಂವಹನದ ಲೆಕ್ಕಗಳಲ್ಲೆಲ್ಲ ಬರುವ ರೇಲೀ ಸಂಖ್ಯೆಯ ಮೂಲ ಇಲ್ಲಿದೆ.

ಮೂರನೆಯವನು ಆಸ್‌ಬರ್ನ್ ರೆನಾಲ್ಡ್ಸ್. 1842ರಲ್ಲಿ ಬೆಲ್‌ಫಾಸ್ಟಿನಲ್ಲಿ, ಶಾಲೆಯ ಮುಖ್ಯೋಪಾಧ್ಯಾಯನ ಮಗನಾಗಿ ಹುಟ್ಟಿದ. ಬಾಲ್ಯದಲ್ಲೇ ಕುಟುಂಬ ಇಂಗ್ಲೆಂಡಿಗೆ ಹೋಯಿತು. 1868ರಿಂದ 1905ರವರೆಗೆ ಮ್ಯಾಂಚೆಸ್ಟರಿನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕ. ಗಾಜಿನ ಕೊಳವೆಯಲ್ಲಿ ಹರಿಯುವ ನೀರಿನ ನಡುವೆ ಬಣ್ಣದ ಎಳೆಯೊಂದನ್ನು ಬಿಟ್ಟು ಅವನು ನೋಡಿದ. ವೇಗ ಕಡಿಮೆಯಿದ್ದಾಗ ಎಳೆ ಕೊನೆಯವರೆಗೂ ನೇರವಾಗಿ ಸಾಗಿತು; ಒಂದು ಹಂತ ದಾಟಿದ ಕೂಡಲೇ ಕದಡಿ ಇಡೀ ಕೊಳವೆಯನ್ನು ತುಂಬಿತು. 1883ರ ಪ್ರಬಂಧದಲ್ಲಿ ಅವನು ತೋರಿಸಿದ್ದೇನೆಂದರೆ, ಈ ಬದಲಾವಣೆ ವೇಗವೊಂದನ್ನೇ ಆಗಲಿ ವ್ಯಾಸವೊಂದನ್ನೇ ಆಗಲಿ ಅವಲಂಬಿಸಿಲ್ಲ. ವೇಗವನ್ನು ವ್ಯಾಸದಿಂದ ಗುಣಿಸಿ ಚಲನ ಸ್ನಿಗ್ಧತೆಯಿಂದ ಭಾಗಿಸಿದಾಗ ಬರುವ ಆಯಾಮರಹಿತ ಸಂಖ್ಯೆಯೇ ಅದನ್ನು ನಿರ್ಧರಿಸುತ್ತದೆ. ಕೊಳವೆಯಲ್ಲಿ ಆ ರೆನಾಲ್ಡ್ಸ್ ಸಂಖ್ಯೆ ಸುಮಾರು 2,300ರ ಕೆಳಗಿದ್ದರೆ ಹರಿವು ಪದರ ಪದರ. ಅದನ್ನು ಸಾಕಷ್ಟು ಮೀರಿದರೆ ಪ್ರಕ್ಷುಬ್ಧ.

ಆ ಪ್ರಯೋಗ ಎಷ್ಟು ಪ್ರಸಿದ್ಧವೋ, ಅವನ 1874ರ ಕಿರು ಪ್ರಬಂಧ ಅಷ್ಟೇ ಮರೆತುಹೋಗಿದೆ. ಹಬೆ ಬಾಯ್ಲರುಗಳ ಕಾಯಿಸುವ ಮೇಲ್ಮೈಯನ್ನು ಕುರಿತ ಆ ಬರಹದಲ್ಲಿ ರೆನಾಲ್ಡ್ಸ್ ಒಂದು ದಿಟ್ಟ ಮಾತು ಹೇಳಿದ: ಹರಿವಿನ ಸುಳಿಗಳು ಗೋಡೆಗೆ ಚಲನೆಯನ್ನು ಸಾಗಿಸುವ ಬಗೆಯಲ್ಲೇ ಶಾಖವನ್ನೂ ಸಾಗಿಸುತ್ತವೆ. ಅಂದರೆ ಕೊಳವೆಯ ಘರ್ಷಣೆಯನ್ನು ಅಳೆದರೆ ಶಾಖ ವರ್ಗಾವಣೆಯನ್ನು ಊಹಿಸಬಹುದು. ಶಾಖವನ್ನು ಅಳೆಯುವುದು ಕಷ್ಟ, ಒತ್ತಡದ ಇಳಿತವನ್ನು ಅಳೆಯುವುದು ಸುಲಭ. ಆದ್ದರಿಂದ ಈ ಹೋಲಿಕೆ ಎಂಜಿನಿಯರುಗಳಿಗೆ ದೊಡ್ಡ ವರವಾಯಿತು. ಇನ್ನೂ ಒಂದು ಸತ್ಯ ಇದರಲ್ಲಿದೆ: ಘರ್ಷಣೆಯ ಬೆಲೆ ತೆರದೆ ಶಾಖ ವರ್ಗಾವಣೆ ಹೆಚ್ಚುವುದಿಲ್ಲ. ಪಂಪಿನ ವಿದ್ಯುತ್ ಬಿಲ್ಲು ಮತ್ತು ಕೊಳವೆಯ ತಾಮ್ರದ ಖರ್ಚು, ಇವೆರಡರ ನಡುವಿನ ಚೌಕಾಸಿಯೇ ಶಾಖ ವಿನಿಮಯಕದ ವಿನ್ಯಾಸ.

ಕಾಫಿಯ ಬಟ್ಟಿ

ಸಿದ್ಧಾಂತಕ್ಕಿಂತ ಮೊದಲೇ ಕೈಗಾರಿಕೆ ಸಂವಹನವನ್ನು ದುಡಿಸಿಕೊಂಡಿತ್ತು. ಐರ್ಲೆಂಡಿನಲ್ಲಿ ಅಬಕಾರಿ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಈನಿಯಸ್ ಕಾಫಿ ನೌಕರಿ ಬಿಟ್ಟ ಬಳಿಕ, 1830ರಲ್ಲಿ ನಿರಂತರವಾಗಿ ಮದ್ಯಸಾರ ಇಳಿಸುವ ಬಟ್ಟಿಗೆ ಪೇಟೆಂಟ್ ಪಡೆದ. ಅದರಲ್ಲಿ ಎರಡು ಗೋಪುರಗಳು. ಹುದುಗಿದ ತಣ್ಣನೆಯ ಗಂಜಿ ಒಂದು ಗೋಪುರದೊಳಗೆ ಅಂಕುಡೊಂಕಾದ ಕೊಳವೆಯಲ್ಲಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಕೊಳವೆಯ ಹೊರಗೆ ಮದ್ಯಸಾರದ ಬಿಸಿ ಆವಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಆವಿ ತಣಿಯುತ್ತ ಹೋದಂತೆ ಗಂಜಿ ಕಾಯುತ್ತ ಹೋಗುತ್ತದೆ, ಕುದಿಯುವ ಹೊತ್ತಿಗೆ ಎರಡನೆಯ ಗೋಪುರ ಸೇರುತ್ತದೆ. ಗಂಜಿ ಕಾಯಿಸಲು ಬೇರೆ ಬೆಂಕಿ ಬೇಡ, ಆವಿ ತಣಿಸಲು ಬೇರೆ ನೀರೂ ಅಷ್ಟಾಗಿ ಬೇಡ. ಇಂದಿನ ಪಠ್ಯಗಳು ಇದನ್ನು ಎದುರು ಹರಿವಿನ ಶಾಖ ವಿನಿಮಯಕ ಎನ್ನುತ್ತವೆ. ಎರಡು ಹರಿವುಗಳು ಎದುರು ಬದುರಾಗಿ ಸಾಗಿದಾಗ ಉಷ್ಣತೆಯ ಅಂತರ ಉದ್ದಕ್ಕೂ ಉಳಿಯುತ್ತದೆ, ಹಾಗಾಗಿ ಅದೇ ವಿಸ್ತೀರ್ಣದಲ್ಲಿ ಹೆಚ್ಚು ಶಾಖ ದಾಟುತ್ತದೆ. ಐರಿಷ್ ಮದ್ಯ ತಯಾರಕರಲ್ಲಿ ಹೆಚ್ಚಿನವರು ರುಚಿ ಕೆಡುತ್ತದೆಂದು ಇದನ್ನು ದೂರವಿಟ್ಟರು; ಸ್ಕಾಟ್ಲೆಂಡಿನವರು ಎರಡೂ ಕೈಯಿಂದ ಸ್ವೀಕರಿಸಿದರು.

ಲೆಕ್ಕ ಬಿಡಿಸುವ ದಾರಿ: ಕಂಡೆನ್ಸರಿನ ಒಂದು ಕೊಳವೆ

ಕ್ಲೇರ್ ಜಿಲ್ಲೆಯಲ್ಲಿ ಶ್ಯಾನನ್ ನದಿ ಸಮುದ್ರ ಸೇರುವ ಅಳಿವೆಯ ದಡದಲ್ಲಿ ಮನಿಪಾಯಿಂಟ್ ವಿದ್ಯುತ್ ಕೇಂದ್ರವಿದೆ. 915 ಮೆಗಾವಾಟ್ ಸಾಮರ್ಥ್ಯದ ಈ ಕೇಂದ್ರ 2025ರ ಜೂನ್‌ನಲ್ಲಿ ಕಲ್ಲಿದ್ದಲು ಸುಡುವುದನ್ನು ನಿಲ್ಲಿಸಿತು. ಅಲ್ಲಿಗೆ ಐರ್ಲೆಂಡಿನ ಕಲ್ಲಿದ್ದಲು ವಿದ್ಯುತ್ತಿನ ಕಾಲ ಮುಗಿಯಿತು. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ದೊಡ್ಡ ಕೂಲಿಂಗ್ ಟವರುಗಳನ್ನು ಕಂಡವರಿಗೆ ಮನಿಪಾಯಿಂಟ್‌ನಲ್ಲಿ ಅವು ಕಾಣುವುದಿಲ್ಲ. ಅಲ್ಲಿ ಅಳಿವೆಯ ತಣ್ಣನೆಯ ನೀರೇ ಕಂಡೆನ್ಸರಿನ ಕೊಳವೆಗಳಲ್ಲಿ ಹರಿದು, ಟರ್ಬೈನಿನಿಂದ ಬಂದ ಹಬೆಯನ್ನು ತಣಿಸಿ, ವಾಪಸು ಹೋಗುತ್ತದೆ.

ಅಂಥ ಒಂದು ಕೊಳವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕೆಳಗಿನ ಅಂಕಿಗಳು ಆ ಕೇಂದ್ರದ ನಕ್ಷೆಯವಲ್ಲ, ವಿಧಾನ ತೋರಿಸಲು ಆರಿಸಿಕೊಂಡವು. ಒಳವ್ಯಾಸ 25 ಮಿಲಿಮೀಟರ್. ಸಮುದ್ರದ ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ, 12 ಡಿಗ್ರಿಯಲ್ಲಿ ಒಳಬರುತ್ತದೆ, 20 ಡಿಗ್ರಿಯಲ್ಲಿ ಹೊರಹೋಗಬೇಕು. ಹೊರಗೆ ಹಬೆ ಒಂದೇ ಉಷ್ಣತೆಯಲ್ಲಿ ನೀರಾಗುತ್ತಿರುವುದರಿಂದ ಕೊಳವೆಯ ಗೋಡೆ ಉದ್ದಕ್ಕೂ 30 ಡಿಗ್ರಿ ಎಂದು ಹಿಡಿಯೋಣ. ಕೊಳವೆ ಎಷ್ಟು ಉದ್ದವಿರಬೇಕು?

ಮೊದಲ ಕೆಲಸ ದ್ರವದ ಗುಣಗಳನ್ನು ಸರಿಯಾದ ಉಷ್ಣತೆಯಲ್ಲಿ ಓದುವುದು. ಕೊಳವೆಯೊಳಗಿನ ಹರಿವಿಗೆ ಒಳಹೊರಗಿನ ಸರಾಸರಿ, ಅಂದರೆ 16 ಡಿಗ್ರಿ. ಆಗ ಚಲನ ಸ್ನಿಗ್ಧತೆ ಸೆಕೆಂಡಿಗೆ ಸುಮಾರು 0.0000012 ಚದರ ಮೀಟರ್, ವಾಹಕತೆ 0.59, ಪ್ರಾಂಡ್ಟಲ್ ಸಂಖ್ಯೆ (ಚಲನ ಸ್ನಿಗ್ಧತೆಗೂ ಶಾಖ ಹರಡುವ ದರಕ್ಕೂ ಇರುವ ಅನುಪಾತ) 8.4ರ ಆಸುಪಾಸು. ರೆನಾಲ್ಡ್ಸ್ ಸಂಖ್ಯೆ ಸುಮಾರು 41,700. ಹರಿವು ನಿಸ್ಸಂದೇಹವಾಗಿ ಪ್ರಕ್ಷುಬ್ಧ. ಈಗ ಮಾತ್ರ ಸೂತ್ರ ಆರಿಸುವ ಹಕ್ಕು ನಮಗೆ ಬಂದಿದೆ. 1930ರ ಡಿಟಸ್–ಬೋಲ್ಟರ್ ಸೂತ್ರದ ಪ್ರಕಾರ, ರೆನಾಲ್ಡ್ಸ್ ಸಂಖ್ಯೆಯ 0.8ನೇ ಘಾತವನ್ನು ಪ್ರಾಂಡ್ಟಲ್ ಸಂಖ್ಯೆಯ 0.4ನೇ ಘಾತದಿಂದಲೂ 0.023ರಿಂದಲೂ ಗುಣಿಸಿದರೆ ಗುಣಾಂಕದ ಆಯಾಮರಹಿತ ರೂಪವಾದ ನುಸೆಲ್ಟ್ ಸಂಖ್ಯೆ ಬರುತ್ತದೆ: ಸುಮಾರು 268. ಅದನ್ನು ವಾಹಕತೆಯಿಂದ ಗುಣಿಸಿ ವ್ಯಾಸದಿಂದ ಭಾಗಿಸಿದರೆ ಗುಣಾಂಕ ಸುಮಾರು 6,300.

ಕೊಳವೆಯಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 1 ಕಿಲೋ ನೀರು ಹರಿಯುತ್ತದೆ. ಅದನ್ನು 8 ಡಿಗ್ರಿ ಏರಿಸಲು ಬೇಕಾದದ್ದು ಸುಮಾರು 32 ಕಿಲೋವಾಟ್. ಗೋಡೆಗೂ ನೀರಿಗೂ ಅಂತರ ಒಂದು ತುದಿಯಲ್ಲಿ 18 ಡಿಗ್ರಿ, ಇನ್ನೊಂದರಲ್ಲಿ 10. ಇಲ್ಲಿ 14 ಎಂದು ಸಾದಾ ಸರಾಸರಿ ಹಾಕುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಅಂತರ ಘಾತೀಯವಾಗಿ ಕುಗ್ಗುವುದರಿಂದ ಲಘುಗಣಕ ಸರಾಸರಿ ಬೇಕು, ಅದು 13.6. ಈ ಉದಾಹರಣೆಯಲ್ಲಿ ವ್ಯತ್ಯಾಸ ಚಿಕ್ಕದು. ಒಂದು ತುದಿಯ ಅಂತರ 2 ಡಿಗ್ರಿಗೆ ಇಳಿದರೆ ಅದೇ ತಪ್ಪು ದುಬಾರಿಯಾಗುತ್ತದೆ. ಉತ್ತರ: ಸುಮಾರು 4.8 ಮೀಟರ್.

ಪರೀಕ್ಷೆಯಲ್ಲಿ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ನಿಜವಾದ ಕೆಲಸ ಇಲ್ಲಿಂದ ಶುರುವಾಗುತ್ತದೆ. ಅದೇ ಕೊಳವೆಗೆ 1976ರ ಗ್ನೀಲಿನ್ಸ್ಕಿ ಸೂತ್ರ ಹಾಕಿದರೆ ಗುಣಾಂಕ ಸುಮಾರು 7,200 ಬರುತ್ತದೆ. ರೆನಾಲ್ಡ್ಸನ ಘರ್ಷಣೆಯ ಹೋಲಿಕೆಯನ್ನು ಪ್ರಾಂಡ್ಟಲ್ ಸಂಖ್ಯೆಯಿಂದ ತಿದ್ದಿಕೊಂಡ, 1930ರ ದಶಕದ ಕೋಲ್ಬರ್ನ್ ರೂಪ ಸುಮಾರು 5,500 ಕೊಡುತ್ತದೆ. ತಿದ್ದದೆ ಹಾಗೆಯೇ ಬಳಸಿದರೆ 22,000ಕ್ಕೂ ಮೀರಿ, ಮೂರೂವರೆ ಪಟ್ಟು ಹುಸಿ ಉತ್ತರ ಬರುತ್ತದೆ. ಗಾಳಿಯ ಪ್ರಾಂಡ್ಟಲ್ ಸಂಖ್ಯೆ ಒಂದಕ್ಕೆ ಹತ್ತಿರವಿರುವುದರಿಂದ ಅಲ್ಲಿ ಮೂಲ ಹೋಲಿಕೆ ಚೆನ್ನಾಗಿ ನಡೆಯುತ್ತದೆ, ನೀರಿನಲ್ಲಿ ನಡೆಯುವುದಿಲ್ಲ. ಮೂರು ಗೌರವಾನ್ವಿತ ಸೂತ್ರಗಳು ಮೂರು ಉತ್ತರ ಕೊಟ್ಟಾಗ ಗಾಬರಿಪಡಬೇಕಾಗಿಲ್ಲ. ಇವೆಲ್ಲ ಪ್ರಯೋಗಗಳ ಮೇಲೆ ಎಳೆದ ಗೆರೆಗಳು, ಶೇ. 10ರಿಂದ 25ರಷ್ಟು ಅತ್ತಿತ್ತ ಆಗುವುದು ಅವುಗಳ ಸ್ವಭಾವ. ಗುಣಾಂಕವನ್ನು ನಾಲ್ಕು ದಶಮಾಂಶ ಸ್ಥಾನಗಳವರೆಗೆ ಬರೆದ ಉತ್ತರ ಪತ್ರಿಕೆ ನಿಖರತೆಯದಲ್ಲ, ಅಜ್ಞಾನದ ಗುರುತು.

ಇದಕ್ಕಿಂತ ದೊಡ್ಡ ಸಂಗತಿ ಕೊಳೆ. ಅಳಿವೆಯ ನೀರಿನಲ್ಲಿ ಸೂಕ್ಷ್ಮಜೀವಿಗಳು, ಕೆಸರು, ಸುಣ್ಣ ಎಲ್ಲ ಇರುತ್ತವೆ. ಕೆಲವೇ ವಾರಗಳಲ್ಲಿ ಕೊಳವೆಯ ಒಳಗೆ ಲೋಳೆ ಕಟ್ಟುತ್ತದೆ. ಸಮುದ್ರದ ನೀರಿಗೆ ವಿನ್ಯಾಸಕಾರರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಕೊಳೆಯ ನಿರೋಧ ಸುಮಾರು 0.00009, ನಮ್ಮ ಸಂವಹನದ ನಿರೋಧವೇ 0.00016. ಎರಡನ್ನೂ ಕೂಡಿಸಿದರೆ ಬೇಕಾದ ಉದ್ದ 4.8 ಮೀಟರಿನಿಂದ ಸುಮಾರು 7.4 ಮೀಟರಿಗೆ ಏರುತ್ತದೆ. ಸೂತ್ರಗಳ ನಡುವಿನ ಜಗಳ ಈ ಲೋಳೆಯ ಮುಂದೆ ಚಿಕ್ಕದು. ಕೊಳವೆ ತೊಳೆಯುವ ವ್ಯವಸ್ಥೆಗೆ ಖರ್ಚು ಮಾಡಿದ ಹಣ ಹೆಚ್ಚು ನಿಖರವಾದ ಸೂತ್ರ ಹುಡುಕುವ ಶ್ರಮಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಗಾಳಿ ತಾನೇ ಏರುವಾಗ

ಸಹಜ ಸಂವಹನದಲ್ಲಿ ಹರಿವಿನ ವೇಗವನ್ನು ಯಾರೂ ನಮಗೆ ಕೊಡುವುದಿಲ್ಲ; ಉಷ್ಣತೆಯ ಅಂತರವೇ ಅದನ್ನು ಹುಟ್ಟಿಸುತ್ತದೆ. ರೆನಾಲ್ಡ್ಸ್ ಸಂಖ್ಯೆಯ ಜಾಗಕ್ಕೆ, ಬಿಸಿ ಗಾಳಿಯನ್ನು ಏರಿಸುವ ಬಲವನ್ನು ಸ್ನಿಗ್ಧತೆ ಮತ್ತು ವಹನದ ತಡೆಯೊಂದಿಗೆ ಹೋಲಿಸುವ ರೇಲೀ ಸಂಖ್ಯೆ ಬರುತ್ತದೆ. ವರ್ಷದಲ್ಲಿ ಬಹುಕಾಲ ಮನೆ ಬೆಚ್ಚಗಿಡಬೇಕಾದ ಐರ್ಲೆಂಡಿನಲ್ಲಿ ಗೋಡೆಗೆ ಅಳವಡಿಸಿದ, ಬಿಸಿನೀರು ಹರಿಯುವ ರೇಡಿಯೇಟರ್ ಮನೆಮನೆಯ ವಸ್ತು. 60 ಸೆಂಟಿಮೀಟರ್ ಎತ್ತರದ ಚಪ್ಪಟೆ ಹಲಗೆಯೊಂದು 50 ಡಿಗ್ರಿಯಲ್ಲಿ, ಕೋಣೆ 20 ಡಿಗ್ರಿಯಲ್ಲಿ ಇದೆ ಎನ್ನೋಣ. ಗಾಳಿಯ ಗುಣಗಳನ್ನು ಎರಡರ ನಡುವಿನ 35 ಡಿಗ್ರಿಯಲ್ಲಿ ಓದಬೇಕು. ರೇಲೀ ಸಂಖ್ಯೆ ಸುಮಾರು 53 ಕೋಟಿ. ನೂರು ಕೋಟಿಯ ಗಡಿಯೊಳಗಿರುವುದರಿಂದ ಹರಿವು ಇನ್ನೂ ಪದರ ರೂಪದ್ದು. ಹಳೆಯ ಸರಳ ಸೂತ್ರ ಗುಣಾಂಕವನ್ನು 4.0 ಎನ್ನುತ್ತದೆ, 1975ರ ಚರ್ಚಿಲ್–ಚೂ ಸೂತ್ರ 3.5 ಎನ್ನುತ್ತದೆ. ಎರಡನೆಯದನ್ನು ಹಿಡಿದರೆ ಪ್ರತಿ ಚದರ ಮೀಟರಿಗೆ ಸುಮಾರು 106 ವಾಟ್.

ಆದರೆ ಅದೇ ಹಲಗೆ ವಿಕಿರಣದಿಂದ ಸುಮಾರು 179 ವಾಟ್ ಕೊಡುತ್ತದೆ. ಸಂವಹನದ ಲೆಕ್ಕ ಎಂದು ಪ್ರಶ್ನೆಯ ತಲೆಯ ಮೇಲೆ ಬರೆದಿದ್ದರೂ ಅರ್ಧಕ್ಕಿಂತ ಹೆಚ್ಚು ಶಾಖ ಇನ್ನೊಂದು ದಾರಿಯಲ್ಲಿ ಹೋಗಿದೆ. ನಿಂತ ಗಾಳಿಯ ಲೆಕ್ಕಗಳಲ್ಲಿ ವಿಕಿರಣವನ್ನು ಬಿಟ್ಟವರು ಉತ್ತರವನ್ನೇ ಬಿಟ್ಟಂತೆ. ಬೀಸುಗಾಳಿಯಲ್ಲಿ, ಹರಿಯುವ ನೀರಿನಲ್ಲಿ ಅದನ್ನು ಮರೆತರೂ ಹೆಚ್ಚು ನಷ್ಟವಿಲ್ಲ.

ಈ ಲೆಕ್ಕ ಇಂದು ಐರ್ಲೆಂಡಿನ ರಾಷ್ಟ್ರೀಯ ನೀತಿಗೇ ತಾಗಿದೆ. 2030ರೊಳಗೆ ಇರುವ ಮನೆಗಳಲ್ಲೇ 4 ಲಕ್ಷ ಹೀಟ್ ಪಂಪು ಅಳವಡಿಸುವ ಗುರಿಯನ್ನು ಸರ್ಕಾರ ಇಟ್ಟುಕೊಂಡಿದೆ. ಎಣ್ಣೆಯ ಬಾಯ್ಲರ್ 70 ಡಿಗ್ರಿ ದಾಟಿದ ನೀರು ಕೊಡಬಲ್ಲದು. ಹೀಟ್ ಪಂಪು ದಕ್ಷವಾಗಿ ಓಡಬೇಕಾದರೆ ನೀರು 45 ಡಿಗ್ರಿಯ ಸುತ್ತ ಇರಬೇಕು. ಸಹಜ ಸಂವಹನದಲ್ಲಿ ಶಾಖವು ಅಂತರದ 1.25ನೇ ಘಾತಕ್ಕೆ ಅನುಪಾತದಲ್ಲಿರುತ್ತದೆ, ಏಕೆಂದರೆ ಅಂತರ ತಗ್ಗಿದರೆ ಹರಿವೂ ತಗ್ಗುತ್ತದೆ. ಕೋಣೆಗೂ ರೇಡಿಯೇಟರಿಗೂ ಇರುವ ಅಂತರ 50ರಿಂದ 25 ಡಿಗ್ರಿಗೆ ಇಳಿದರೆ ಸಂವಹನದ ಶಾಖ ಅರ್ಧಕ್ಕಲ್ಲ, ಶೇ. 42ಕ್ಕೆ ಇಳಿಯುತ್ತದೆ. ಹಳೆಯ ರೇಡಿಯೇಟರನ್ನೇ ಉಳಿಸಿಕೊಂಡು ಹೀಟ್ ಪಂಪು ಹಾಕಿಸಿದ ಮನೆ ತಣ್ಣಗಿದ್ದರೆ ತಪ್ಪು ಪಂಪಿನದಲ್ಲ. ಮೊದಲು ಗೋಡೆ, ಚಾವಣಿ, ಕಿಟಕಿಗಳಿಂದ ಸೋರುವ ಶಾಖವನ್ನು ತಡೆದು, ಆಮೇಲೆ ರೇಡಿಯೇಟರಿನ ವಿಸ್ತೀರ್ಣವನ್ನು ಲೆಕ್ಕ ಹಾಕಬೇಕು. ಜೋಡಿ ಗಾಜಿನ ಕಿಟಕಿಯಲ್ಲಿ ಗಾಜುಗಳ ನಡುವೆ ಸುಮಾರು 16 ಮಿಲಿಮೀಟರ್ ಬಿಡುವುದೂ ಇದೇ ಸಂವಹನದ ಕಾರಣಕ್ಕೆ. ಅದಕ್ಕಿಂತ ಹೆಚ್ಚು ಜಾಗ ಬಿಟ್ಟರೆ ಒಳಗಿನ ಗಾಳಿ ಸುತ್ತತೊಡಗುತ್ತದೆ, ಲಾಭ ಕರಗುತ್ತದೆ.

ಚಿಪ್, ಗಾಳಿ, ನೀರು

ಡಬ್ಲಿನ್ ಸುತ್ತಮುತ್ತ ದತ್ತಾಂಶ ಕೇಂದ್ರಗಳು ಗುಂಪುಗೂಡಿರುವುದಕ್ಕೆ ತೆರಿಗೆ, ಭಾಷೆ, ಸಮುದ್ರದಡಿಯ ಕೇಬಲ್ಲುಗಳ ಜೊತೆಗೆ ತಂಪು ಹವೆಯೂ ಒಂದು ಕಾರಣ. ವರ್ಷದ ಸರಾಸರಿ ಉಷ್ಣತೆ 10 ಡಿಗ್ರಿಯ ಆಸುಪಾಸು ಇರುವಲ್ಲಿ ಹೆಚ್ಚಿನ ಕಾಲ ಹೊರಗಿನ ಗಾಳಿಯಿಂದಲೇ ಯಂತ್ರಗಳನ್ನು ತಣಿಸಬಹುದು. ಅಲ್ಲಿನ ಕೇಂದ್ರೀಯ ಅಂಕಿಅಂಶ ಕಚೇರಿಯ ಪ್ರಕಾರ 2023ರಲ್ಲಿ ದೇಶದ ಮೀಟರಿನಲ್ಲಿ ದಾಖಲಾದ ವಿದ್ಯುತ್ ಬಳಕೆಯ ಶೇ. 21ರಷ್ಟು ದತ್ತಾಂಶ ಕೇಂದ್ರಗಳದ್ದು. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬರಬೇಕು.

ಇಲ್ಲಿ ಗುಣಾಂಕಕ್ಕಿಂತ ಮೊದಲು ಬರುವುದು ಶಕ್ತಿಯ ಸಮತೋಲ. 1 ಮೆಗಾವಾಟ್ ಶಾಖವನ್ನು ಗಾಳಿಯಿಂದ, ಗಾಳಿ 12 ಡಿಗ್ರಿ ಮಾತ್ರ ಬೆಚ್ಚಗಾಗುವಂತೆ ತೆಗೆಯಬೇಕಾದರೆ ಸೆಕೆಂಡಿಗೆ ಸುಮಾರು 69 ಘನ ಮೀಟರ್ ಗಾಳಿ ಬೀಸಬೇಕು. ಅದೇ ಕೆಲಸಕ್ಕೆ ನೀರಾದರೆ ಸೆಕೆಂಡಿಗೆ 20 ಲೀಟರ್ ಸಾಕು. ಚಿಪ್‌ಗಳ ಶಾಖ ಏರುತ್ತ ಹೋದಂತೆ ಉದ್ಯಮ ಗಾಳಿಯಿಂದ ದ್ರವದ ಕಡೆಗೆ ವಾಲುತ್ತಿರುವುದಕ್ಕೆ ಈ ಎರಡು ಸಂಖ್ಯೆಗಳೇ ಸಾಕಷ್ಟು ವಿವರಣೆ. ಲಿಮರಿಕ್ ವಿಶ್ವವಿದ್ಯಾಲಯದಲ್ಲಿ ಸ್ಟೋಕ್ಸನ ಹೆಸರಿನ ಪ್ರಯೋಗಾಲಯ ಎಲೆಕ್ಟ್ರಾನಿಕ್ಸ್ ತಣಿಸುವಿಕೆಯ ಸಂಶೋಧನೆ ನಡೆಸಿದೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಮೇಲ್ಮೈಗೆ ನೇರವಾಗಿ ಬಡಿಯುವ ಗಾಳಿಯ ಜೆಟ್ಟುಗಳ ಸಂವಹನವನ್ನು ಅಭ್ಯಸಿಸಲಾಗಿದೆ.

ಇಂಥ ಸಂಕೀರ್ಣ ಆಕಾರಗಳಿಗೆ ಕೈಲೆಕ್ಕದ ಸೂತ್ರ ಸಾಲದು. ಸ್ಟೋಕ್ಸನ ಸಮೀಕರಣಗಳನ್ನು, ರೆನಾಲ್ಡ್ಸ್ 1895ರಲ್ಲಿ ಸರಾಸರಿ ತೆಗೆದು ಕೊಟ್ಟ ರೂಪದಲ್ಲಿ, ಕಂಪ್ಯೂಟರ್ ಹರಿವಿನ ಜಾಗವನ್ನು ಲಕ್ಷಾಂತರ ಕೋಶಗಳಾಗಿ ವಿಭಾಗಿಸಿ ಬಿಡಿಸುತ್ತದೆ. ಬಣ್ಣಬಣ್ಣದ ಚಿತ್ರ ಬರುತ್ತದೆ, ನಂಬಿಕೆಯೂ ಬೇಗ ಬರುತ್ತದೆ. ಆದರೆ ಗೋಡೆಯ ಪಕ್ಕದ ತೆಳು ಪದರದಲ್ಲಿ ಕೋಶಗಳು ಸಾಕಷ್ಟು ಚಿಕ್ಕವಾಗಿರದಿದ್ದರೆ ಆ ಚಿತ್ರದ ಗುಣಾಂಕ ಪೂರ್ತಿ ತಪ್ಪಾಗಬಹುದು. ಚಪ್ಪಟೆ ಹಲಗೆಯನ್ನೋ ನೇರ ಕೊಳವೆಯನ್ನೋ ಮೊದಲು ಕೈಯಲ್ಲಿ ಲೆಕ್ಕ ಹಾಕಿ, ಕಂಪ್ಯೂಟರಿನ ಉತ್ತರ ಅದಕ್ಕೆ ಹತ್ತಿರ ಬಂದ ಮೇಲೆಯೇ ಮುಂದಿನ ಆಕಾರಕ್ಕೆ ಹೋಗುವುದು ಒಳ್ಳೆಯ ಪದ್ಧತಿ.

ದತ್ತಾಂಶ ಕೇಂದ್ರಗಳಿಂದ ಹೊರಬಿದ್ದ ಬೆಚ್ಚನೆಯ ಗಾಳಿಯನ್ನು ವ್ಯರ್ಥ ಮಾಡದಿರುವ ಪ್ರಯತ್ನವೂ ನಡೆದಿದೆ. ಡಬ್ಲಿನ್‌ನ ನೈರುತ್ಯದ ಟಾಲಾ ಎಂಬಲ್ಲಿ ಅಮೆಜಾನ್ ದತ್ತಾಂಶ ಕೇಂದ್ರದಿಂದ ಬರುವ ಶಾಖವನ್ನು ವಿನಿಮಯಕಗಳು ನೀರಿಗೆ ದಾಟಿಸುತ್ತವೆ, ಹೀಟ್ ಪಂಪುಗಳು ಆ ನೀರಿನ ಉಷ್ಣತೆಯನ್ನು ಏರಿಸುತ್ತವೆ. ದಕ್ಷಿಣ ಡಬ್ಲಿನ್ ಜಿಲ್ಲಾ ಪರಿಷತ್ತಿನ ಒಡೆತನದ ಈ ವ್ಯವಸ್ಥೆ 2023ರಿಂದ ಪರಿಷತ್ತಿನ ಕಚೇರಿಯನ್ನೂ ತಾಂತ್ರಿಕ ವಿಶ್ವವಿದ್ಯಾಲಯದ ಟಾಲಾ ಆವರಣವನ್ನೂ ಬೆಚ್ಚಗಿಟ್ಟಿದೆ.

ಬೆಂಗಳೂರಿನಲ್ಲಿ ದತ್ತಾಂಶ ಕೇಂದ್ರ ಕಟ್ಟುವವರು ಐರ್ಲೆಂಡಿನಿಂದ ಸೂತ್ರಗಳನ್ನು ತರಬಹುದು, ಹವೆಯನ್ನು ತರಲಾಗದು. ಹೊರಗಿನ ಗಾಳಿ 10 ಡಿಗ್ರಿಯ ಬದಲು 30 ಡಿಗ್ರಿ ಇದ್ದಾಗ ಗುಣಾಂಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಉಷ್ಣತೆಯ ಅಂತರ ಮಾತ್ರ ಮಾಯವಾಗುತ್ತದೆ. ಅಲ್ಲಿನ ನಕ್ಷೆಯನ್ನು ಇಲ್ಲಿ ಹಾಗೆಯೇ ಹಾಕದೆ, ಇಲ್ಲಿನ ಏಪ್ರಿಲ್ ತಿಂಗಳ ಮಧ್ಯಾಹ್ನದ ಗಾಳಿಯಿಂದ ಲೆಕ್ಕ ಶುರುಮಾಡಬೇಕು.